ಕಳೆ ತಿಂದ ಕಬ್ಬಿಣ

"ನನ್ನ ಹೊಲದಲ್ಲೇ ಕಬ್ಬಿಣ ಬೆಳೆದು ಮಗಳಿಗೆ ತಿನ್ನಿಸ್ತೀನಿ!"

ಟೇಕಲ್ಲಿನ ಚನ್ನರಾಯಪ್ಪ ಹೀಗೆ ಘೋಷಿಸಿದ್ದು ಎಂಬತ್ಮೂರನೇ ಇಸವಿಯ ಆಗಸ್ಟಿನಲ್ಲಿ, ಕೋಲಾರದಲ್ಲಿ ಒಂದೇ ಒಂದು ದಿನದ ರೈತರ ತರಬೇತಿ ಮುಗಿಸಿ ಬಸ್ಸಿಳಿದ ಸಂಜೆ. ಬೆಳಗ್ಗೆ ರೈತನಾಗಿ ಹೋದವನು ಸಂಜೆಗೆ ವಿಜ್ಞಾನಿಯಾಗಿ ಬಂದಿದ್ದ. ಬಗಲಲ್ಲಿ ಕಬ್ಬಿಣಾಂಶದ ಗೊಬ್ಬರದ ಚೀಲ ಬೇರೆ.

ಪಾಪ, ಕಾರಣವೂ ಇತ್ತು. ಆರು ತಿಂಗಳ ಬಸುರಿ ಮಗಳು ಭಾರತಿ ತವರಿಗೆ ಬಂದಿದ್ದಳು. ನರ್ಸಮ್ಮ ಖುರ್ಷೀದ್ ಬೇಗಂ ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ ಎಂದರು. ಮಾತ್ರೆ ಕೊಟ್ಟರು, ದಿನಾ ಸೊಪ್ಪು ತಿನ್ನಿಸಿ ಎಂದರು. ಒಂದೂವರೆ ತಿಂಗಳಲ್ಲಿ ರಕ್ತ ಏರದಿದ್ದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎಂದೂ ಹೇಳಿದರು. ಮಾತ್ರೆಯೋ, ನುಂಗಿದರೆ ವಾಂತಿ. ಅಂದಿನಿಂದ ಚನ್ನರಾಯಪ್ಪ ಕಂಡಕಂಡವರಲ್ಲಿ ಉಪಾಯ ಕೇಳುತ್ತಿದ್ದ.

ಮಣ್ಣಲ್ಲಿ ಇಲ್ಲದ ಸತ್ವ ಕಾಳಿಗೆ ಬರುವುದಿಲ್ಲ, ಇರುವ ಸತ್ವವನ್ನೂ ಕಳೆ ಕಬಳಿಸುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಇವನ ತಲೆಯಲ್ಲಿ ಗಟ್ಟಿಯಾಗಿ ನಿಂತದ್ದು ಕಳೆಯ ಮಾತೊಂದೇ.

ರಾಗಿ ಸಾಲಿನ ಕಳೆ ಕೀಳಬೇಡಿ, ಬೆರಕೆ ಸೊಪ್ಪಿನ ಸಾರಿಗೆ ಬೇಕು ಎಂದು ಹೆಂಡತಿ ಬೈರಮ್ಮ ತಡೆದಳು.

"ಲೇ, ನಿನ್ ಮಗಳ ಪಾಲಿನ ಕಬ್ಬಿಣಾನೆಲ್ಲಾ ತಿಂದಿರೋದೇ ಅದು ಕಣೇ."

"ಕಬ್ಬಿಣಾನ ಕಳೆ ತಿಂದಿದ್ರೆ, ಕಳೇನ ನಾವು ತಿಂದ್ರಾಯ್ತಲ್ಲ."

ಇಂಥ ಅವೈಜ್ಞಾನಿಕ ಮಾತಿಗೆ ಉತ್ತರ ಕೊಡುವುದು ವಿಜ್ಞಾನಿಗೆ ಶೋಭೆಯಲ್ಲ. ಮರುದಿನವೇ ದಂಡಯಾತ್ರೆ! ನಾಲ್ಕು ಆಳು ಕರೆದುಕೊಂಡು ಹೋಗಿ ಹೊಲದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ ಎಲ್ಲವನ್ನೂ ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದ. ಹುರುಪು ಅಲ್ಲಿಗೇ ನಿಲ್ಲಲಿಲ್ಲ. ಬದು ಕೆರೆದ, ಬಾವಿಯ ಸುತ್ತ ಕೆರೆದ, ಹಿತ್ತಲನ್ನೂ ಬೋಳಿಸಿದ. ಗೊಬ್ಬರ ಎರಚಿದ. ಆಮೇಲೆ ಪಕ್ಕದ ಹೊಲದ ಪೆದ್ದಪ್ಪನ ಮೇಲೆ ಕಣ್ಣು ಬಿತ್ತು.

ಪೆದ್ದಪ್ಪ ಊರಿಗೇ ಹೆಸರಾದ ಸೋಮಾರಿ. ಅವನ ಹೊಲದಲ್ಲಿ ರಾಗಿ ಎಲ್ಲಿ, ಕಳೆ ಎಲ್ಲಿ ಎಂದು ಅವನಿಗೇ ಗೊತ್ತಿರಲಿಲ್ಲ. ನಿನ್ನ ಕಳೆಯ ಬೀಜ ನನ್ನ ಹೊಲಕ್ಕೆ ಹಾರುತ್ತದೆ, ಮಗಳ ಜೀವದ ಪ್ರಶ್ನೆ ಎಂದು ಚನ್ನರಾಯಪ್ಪ ಕೂಗಾಡಿ, ಸೋಮವಾರ ಕಳೆ ಕೀಳುವುದಾಗಿ ಅವನಿಂದ ಮಾತು ತೆಗೆದುಕೊಂಡೇ ಬಂದ. ಸೋಮವಾರ ಬೆಳಗ್ಗೆ ಪೆದ್ದಪ್ಪನಿಗೆ ಯಾರೋ ಎರಡು ಮುದ್ದೆ, ಒಂದು ಚೊಂಬು ಮಸ್ಸೊಪ್ಪಿನ ಸಾರು ತಂದುಕೊಟ್ಟರು. ಉಂಡವನು ಹೊಂಗೆ ಮರದಡಿ ಮಲಗಿದ. ಪ್ರತಿ ಸೋಮವಾರವೂ ಹೀಗೇ ಆಯಿತು.

ಇತ್ತ ಚನ್ನರಾಯಪ್ಪನ ಮನೆಯಲ್ಲೂ ದಿನಾ ಮಸ್ಸೊಪ್ಪು. ಹೊಲ ಚೊಕ್ಕಟವಾದ ಮೇಲೆ ಸೊಪ್ಪಿನ ರುಚಿಯೇ ಬೇರೆ ಎಂದು ಬೆರಳು ನೆಕ್ಕಿದನೇ ಹೊರತು, ಸೊಪ್ಪು ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಲಿಲ್ಲ.

ಒಂದೂವರೆ ತಿಂಗಳಾಯಿತು. ನರ್ಸಮ್ಮ ರಕ್ತದ ಚೀಟಿ ಹಿಡಿದು ಬಂದಾಗ ಚನ್ನರಾಯಪ್ಪ ಕಂಬ ಹಿಡಿದು ನಿಂತಿದ್ದ. ಎಂಟಿದ್ದದ್ದು ಹತ್ತೂವರೆಗೆ ಏರಿದೆ, ಇನ್ನು ಹೆದರಬೇಕಿಲ್ಲ ಎಂದರು ಅವರು. ಅವನಿಗೆ ಹೋದ ಜೀವ ಬಂದಂತಾಯಿತು. ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡ, ಒರೆಸಿಕೊಂಡ ಕೈಯಲ್ಲೇ ಮೀಸೆ ತಿರುವಿದ.

"ಎಲ್ಲಾ ನನ್ನ ಹೊಲದ ಮಹಿಮೆ, ನರ್ಸಮ್ಮ."

"ನಿಮ್ ರಾಗಿ ಇನ್ನೂ ತೆನೇನೇ ಬಿಟ್ಟಿಲ್ವಲ್ಲ, ಚನ್ನರಾಯಪ್ಪ?"

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. ಭಾರತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬೈರಮ್ಮ ಮೂಲೆಯ ಬುಟ್ಟಿಯನ್ನು ಗಂಡನ ಮುಂದಿಟ್ಟಳು. ತುಂಬಾ ಅಣ್ಣೆ, ಗೋಣಿ, ಹೊನಗೊನ್ನೆ.

"ಪೆದ್ದಪ್ಪನ ಹೊಲದ್ದು" ಎಂದಳು. "ನಾಳೆಯಿಂದ ನೀವೇ ಕುಯ್ಕೊಂಡು ಬನ್ನಿ. ಸೋಮವಾರದ ಮುದ್ದೇನೂ ನೀವೇ ಕೊಟ್ಬನ್ನಿ."

ಮಾರನೇ ದಿನ ವಿಜ್ಞಾನಿ ಬುಟ್ಟಿ ಹೊತ್ತು ಪಕ್ಕದ ಹೊಲಕ್ಕೆ ನಡೆದ. ಅವನನ್ನು ಕಂಡದ್ದೇ ತಡ, ಹೊಂಗೆ ಮರದಡಿ ಮಲಗಿದ್ದ ಪೆದ್ದಪ್ಪ ದಡಬಡಿಸಿ ಎದ್ದು ಕೂತ.

"ಬೈಬೇಡಣ್ಣ. ಮಾತು ಕೊಟ್ಟಿದ್ದು ನಿಜ, ಆದ್ರೆ ನಾನಿನ್ನೂ ಏನೂ ಮಾಡಿಲ್ಲ."

ಚನ್ನರಾಯಪ್ಪ ಬುಟ್ಟಿ ಕೆಳಗಿಟ್ಟು ಕೈ ಮುಗಿದ.

"ನಿನ್ ದಮ್ಮಯ್ಯ ಅಂತೀನಿ, ಹೆರಿಗೆ ಆಗೋವರ್ಗೂ ಹಿಂಗೇ ಏನೂ ಮಾಡ್ಬೇಡ ಕಣೋ."