ಒಂದನೇ ನಂಬರಿನ ಎಡಗಾಲು ಚಪ್ಪಲಿ

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಎಷ್ಟು ಕಲಿಸಿದರೋ ಅದಕ್ಕಿಂತ ಹೆಚ್ಚಾಗಿ ಶೂ ಜೋಡಿಸಿಡುವುದನ್ನು ಕಲಿಸಿದರು. ಪ್ರೇಯರ್ ಹಾಲಿನ ಹೊರಗೆ ಉದ್ದದ ಮರದ ರ‍್ಯಾಕು. ಹಿಮ್ಮಡಿ ಗೋಡೆಗೆ, ಮೂತಿ ನಮ್ಮ ಕಡೆಗೆ. ಒಂದು ಶೂ ಸೊಟ್ಟಗಿದ್ದರೂ ಸಿಸ್ಟರ್ ಬಯ್ಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅರವತ್ತು ವರ್ಷವಾಯಿತು, ಆ ನೋಟ ಇನ್ನೂ ನನ್ನ ಬೆನ್ನ ಮೇಲಿದೆ. ಈಗ ಅಂಥ ಸಿಸ್ಟರೂ ಇಲ್ಲ, ಅಂಥ ಪಾಲಿಶೂ ಇಲ್ಲ. ಇಷ್ಟು ಒಳ್ಳೆಯ ಶಿಕ್ಷಣ ಪಡೆದವಳು ಎಪ್ಪತ್ತೆರಡನೆಯ ವಯಸ್ಸಿನಲ್ಲಾದರೂ ಸಮಾಜಕ್ಕೆ ಏನಾದರೂ ವಾಪಸು ಕೊಡಬೇಕಲ್ಲವೇ? ಕೊಟ್ಟೆ. ಸಮಾಜ ಇನ್ನೂ ಚೇತರಿಸಿಕೊಳ್ಳುತ್ತಿದೆ.

ಈಗ ನಾವಿರುವ ಮರಾಠಿ ಮಹಾನಗರದ ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲಿ ಕನ್ನಡ ಮಂಡಳಿಯವರ ಉಚಿತ ದವಾಖಾನೆ ಇದೆ. ಭಾನುವಾರ ಮಾತ್ರ. ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಶುಗರ್ ಇದ್ದವರ ಕಾಲಿನ ಗಾಯ ನೋಡುವ ಲೇಡಿ ಡಾಕ್ಟರ್ ಬರುತ್ತಾರೆ. ಒಂಬತ್ತಕ್ಕೆ ಬಂದು, ಹನ್ನೆರಡೂವರೆಗೆ ಕಾಂದಿವಲಿಯ ಇನ್ನೊಂದು ಕ್ಲಿನಿಕ್ಕಿಗೆ ಹೊರಟುಬಿಡುತ್ತಾರೆ. ಹೆಸರು ಬರೆದುಕೊಳ್ಳಲು ವಾಲಂಟಿಯರ್ ಬೇಕು ಎಂದು ಸೆಕ್ರೆಟರಿ ಕುಲಕರ್ಣಿಯವರು ಹೇಳಿದಾಗ ಕೈಯೆತ್ತಿದವಳು ನಾನೊಬ್ಬಳೇ. ಅದನ್ನು ನನ್ನ ಯೋಗ್ಯತೆ ಎಂದುಕೊಂಡೆ.

ಹೊರಡುವಾಗ ನಮ್ಮವರು ಪೇಪರಿನ ಹಿಂದಿನಿಂದ ಹೇಳಿದರು: "ಹೋಗ್ತೀ ಅಂದ್ರ ಹೋಗು. ಆದ್ರ ಅಲ್ಲಿ ಏನೂ ಸುಧಾರಣಾ ಮಾಡಬ್ಯಾಡ."

"ನಾ ಏನ್ ಸುಧಾರಣಾ ಮಾಡ್ತೇನ್ರಿ? ಜಸ್ಟ್ ನೇಮ್ಸ್ ಬರಕೊಳ್ಳೋದು."

"ಹೋದ ವರ್ಷ ಸೊಸೈಟಿ ಲೆಟರ್ ಬಾಕ್ಸ್ ಸುಧಾರಣಾ ಮಾಡಿದ್ದಿ. ನಮ್ಮ ಪತ್ರಾ ಇನ್ನೂ ಮೂರನೇ ಮಾಳಿಗಿಯವ್ರಿಗೆ ಹೋಗ್ತಾವ."

ಇಂಥ ಕ್ಷುಲ್ಲಕ ಮಾತಿಗೆ ನಿಲ್ಲದೆ ನಾನು ದವಾಖಾನೆಯ ಬೀಗದ ಕೈ ತೆಗೆದುಕೊಂಡು ಹೊರಟೆ.

ಎಂಟು ಗಂಟೆಗೇ ಹೋಗಿ ಬೀಗ ತೆಗೆದೆ. ಒಂದು ನರಪಿಳ್ಳೆ ಇಲ್ಲ. ಆದರೆ ಬಾಗಿಲಿನಿಂದ ಹಿಡಿದು, ಮೂರು ಮೆಟ್ಟಿಲು ಇಳಿದು, ಗಟಾರದ ತನಕ ಚಪ್ಪಲಿಗಳು! ರಬ್ಬರಿನವು, ಪ್ಲಾಸ್ಟಿಕ್ಕಿನವು, ಮಧ್ಯೆ ಒಂದು ನೀರಿನ ಬಾಟಲಿ, ಒಂದು ಇಟ್ಟಿಗೆ. ಹಾವಿನ ಹಾಗೆ ಸೊಟ್ಟಸೊಟ್ಟ. ದವಾಖಾನೆಯ ಬಾಗಿಲಿನಲ್ಲಿ ಇದೆಂಥ ಹೊಲಸು! ಈ ಜನಕ್ಕೆ ರೋಗ ಬರದೆ ಇನ್ನೇನು ಬರಬೇಕು ಎಂದು ನಾನು ಬಹಳ ಎತ್ತರದಲ್ಲಿ ನಿಂತು ಮರುಗಿದೆ.

ಒಳಗೆ ಮಂಡಳಿಯ ಲೈಬ್ರರಿಯ ಹಳೆಯ ರ‍್ಯಾಕಿತ್ತು. ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸಿದ್ದರಿಂದ ಖಾಲಿಯಾಗಿತ್ತು. ಎಳೆದು ಹೊರಗೆ ಹಾಕಿದೆ. ಮೇಲಿನ ಅರೆಯಲ್ಲಿ ಲೇಡೀಸ್, ನಡುವೆ ಜೆಂಟ್ಸ್, ಕೆಳಗೆ ಮಕ್ಕಳದು. ಅದರಲ್ಲೂ ಸೈಜಿನ ಪ್ರಕಾರ. ಹಿಮ್ಮಡಿ ಗೋಡೆಗೆ, ಮೂತಿ ನನ್ನ ಕಡೆಗೆ. ಬಾಟಲಿಯ ನೀರನ್ನು ಬಾಗಿಲ ಪಕ್ಕದ ತುಳಸಿಗೆ ಹಾಕಿದೆ. ಇಟ್ಟಿಗೆಯನ್ನು ರ‍್ಯಾಕಿನ ಕುಂಟುಗಾಲಿಗೆ ಕೊಟ್ಟೆ. ಬಾಗಿಲಿಗೆ ಅಂಟಿಕೊಂಡಂತೆ ಎಲ್ಲಕ್ಕಿಂತ ಮುಂದೆ ಒಂದೇ ಒಂದು ಎಡಗಾಲು ಚಪ್ಪಲಿ ಇತ್ತು. ಕಿತ್ತ ಪಟ್ಟಿಯನ್ನು ಸುತಳಿಯಿಂದ ಕಟ್ಟಿದ್ದರು. ಅದಕ್ಕೆ ಜೋಡಿಯೇ ಇಲ್ಲ. ಎರಡು ಬೆರಳಲ್ಲಿ ಹಿಡಿದು ಪೇಪರಿನಲ್ಲಿ ಸುತ್ತುವಷ್ಟರಲ್ಲಿ ಕಸದ ಗಾಡಿ ಬಂತು. ನಾನೇ ಕೈಯಾರೆ ಹಾಕಿದೆ.

ಫೋಟೋ ತೆಗೆದು ನಮ್ಮ ಕಾನ್ವೆಂಟಿನ ಹಳೆಯ ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಮೂರು ಹಾರ್ಟ್ ಬಂದವು.

ಒಂಬತ್ತಕ್ಕೆ ಜನ ಬಂದರು. ಬಂದವರು ರ‍್ಯಾಕಿನ ಮುಂದೆ ನಿಂತುಬಿಟ್ಟರು. ಮೆಚ್ಚುಗೆಯ ಮೌನ ಎಂದು ತಿಳಿದು ನಾನು ಮುಗುಳ್ನಕ್ಕೆ.

ಕುಲಕರ್ಣಿಯವರು ಮೆಲ್ಲಗೆ ಕೇಳಿದರು: "ಮೇಡಂ, ಲೈನ್ ಎಲ್ಲದ?"

"ಯಾವ ಲೈನ್? ಇಲ್ಲಿ ಯಾರೂ ಇರ್ಲೇ ಇಲ್ಲ. ಬರೇ ಚಪ್ಲಿ ಇದ್ವು."

"ಅದ ಲೈನ್ರಿ ಮೇಡಂ."

ನಸುಕಿನಲ್ಲಿ ಎದ್ದು, ತನ್ನದೊಂದು ವಸ್ತು ಇಟ್ಟು, ನೀರು ತುಂಬಲು, ಅಡುಗೆ ಮಾಡಲು ಮನೆಗೆ ಹೋಗುವುದು ಈ ಗಲ್ಲಿಯ ಪದ್ಧತಿ. ಯಾರೂ ಇನ್ನೊಬ್ಬರದನ್ನು ಮುಟ್ಟುವುದಿಲ್ಲ. ಇಷ್ಟು ವರ್ಷ ಒಂದೂ ಜಗಳ ಆಗಿರಲಿಲ್ಲ. ಅವರಲ್ಲಿ ಒಬ್ಬರೂ ಕಾನ್ವೆಂಟಿಗೆ ಹೋದವರಲ್ಲ ನೋಡಿ!

ಐದು ನಿಮಿಷದಲ್ಲಿ ಏಳು ಜನ ಒಂದನೇ ನಂಬರಿನವರಾದರು. "ಆಂಟಿ, ಮೇರಾ ತೀಸ್ರಾ ನಂಬರ್ ಥಾ" ಎಂದು ಮೂರನೆಯದನ್ನು ಒಪ್ಪಿಕೊಂಡವನೊಬ್ಬನೇ ಪ್ರಾಮಾಣಿಕ. ಅವನನ್ನು ಯಾರೂ ನಂಬಲಿಲ್ಲ. ಬಾಟಲಿಯವಳು ತುಳಸಿಯನ್ನು ಸಾಕ್ಷಿಗೆ ಕರೆದಳು. ಕೊನೆಗೆ ನಾನು ಟೇಬಲ್ ಬಡಿದು ಘೋಷಿಸಿದೆ: ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ, ಅಡ್ಡಹೆಸರಿನಿಂದ ಕರೆಯಲಾಗುವುದು. ನಮ್ಮ ಕಾನ್ವೆಂಟಿನ ಹಾಜರಿಯಲ್ಲಿ ಹೀಗೆಯೇ ಇತ್ತು. ಇಬ್ಬರು ನಿಂತಲ್ಲೇ ಅಡ್ಡಹೆಸರು ಬದಲಾಯಿಸಿದರು.

ಆಗ ಗೋಡೆ ಹಿಡಿದುಕೊಂಡು ಒಬ್ಬಳು ಬಂದಳು. ಬಿಜಾಪುರದ ಕಡೆಯವಳು, ಕಟ್ಟಡದ ಕೆಲಸದವಳು, ಐವತ್ತರ ಸುಮಾರು. ಬಲಗಾಲಿಗೆ ದಪ್ಪ ಬ್ಯಾಂಡೇಜು. ಎಡಗಾಲು ಬರಿಗಾಲು.

"ನನ್ನ ಚಪ್ಲಿ ಎಲ್ಲೈತ್ರಿ ಅಮ್ಮಾರ? ಮನಿ ಇಲ್ಲೇ ಬಾಜೂಕ ಅಂತ ಎಲ್ಲಾರಕಿಂತ ಮುಂದ ಇಟ್ಟಿದ್ನಿ. ಒಂದ ಐತ್ರಿ, ಬಲಗಾಲಿಗೆ ಹಾಕ್ಕೊಳಾಕ ಬರಂಗಿಲ್ಲ."

ಕಾನ್ವೆಂಟಿನ ಸಿಸ್ಟರ್ ನನ್ನನ್ನು ನೋಡಿದರು. ಅಲ್ಲಿರಲಿಲ್ಲ, ಆದರೂ ನೋಡಿದರು.

"ಅದು... ಒಳಗ ಎಲ್ಲೋ ಇರಬೇಕು," ಎಂದೆ. ಅರವತ್ತು ವರ್ಷ ಸುಳ್ಳು ಹೇಳಬಾರದೆಂದು ಕಲಿತದ್ದು ಒಂದೇ ಉಸಿರಿನಲ್ಲಿ ಹೋಯಿತು. "ನಿಮ್ಮ ಹೆಸರು?"

"ಗಂಗವ್ವ. ಗಂಗವ್ವ ಯರಗಲ್ಲ."

ವೈ. ಕಟ್ಟಕಡೆಯ ಹೆಸರು.

"ನಮ್ಮ ಹೆಸರ ನಾವ ಇಟ್ಕೊಂಡಿಲ್ಲರಿ," ಎಂದು ಅವಳು ಮೆಟ್ಟಿಲ ಮೇಲೆ ಕೂತಳು. "ಹ್ವಾದ ತಿಂಗಳ ಡಾಕ್ಟರಮ್ಮ ಹೇಳ್ಯಾರ, ಈ ಸಲ ಗಾಯ ಒಣಗಿದ್ರ ಛಲೋ, ಇಲ್ಲಾಂದ್ರ ಬೆರಳ ತಗೀಬೇಕಂತ. ಇವತ್ತ ತೋರಸಲಿಲ್ಲ ಅಂದ್ರ ಮತ್ತ ಒಂದ ತಿಂಗಳ."

ನಾನು ಕೂಡಲೇ ಕುಲಕರ್ಣಿಯವರ ಬಳಿ ಹೋಗಿ, ಇವಳನ್ನು ಮೊದಲು ಕಳಿಸೋಣ ಎಂದೆ.

"ಈಗ ಆಲ್ಫಾಬೆಟ್ ಮುಟ್ಟಿದ್ರ ಹೊಡದಾಟ ಆಗತದ ಮೇಡಂ," ಎಂದರು ಅವರು. ಅವರ ದನಿಯಲ್ಲಿದ್ದ ವಿನಯ ನನಗೆ ಹಿಡಿಸಲಿಲ್ಲ.

ಹನ್ನೆರಡೂವರೆಗೆ ನಾವು ಎಸ್ ಅಕ್ಷರದಲ್ಲಿದ್ದೆವು. ಡಾಕ್ಟರ್ ಬ್ಯಾಗು ಮುಚ್ಚಿದರು. ನಾನು ಬಾಗಿಲಿಗೆ ಅಡ್ಡ ನಿಂತು, ವಿತ್ ಆಲ್ ಡ್ಯೂ ರೆಸ್ಪೆಕ್ಟ್ ಎಂದು ಶುರುಮಾಡಿ, ಮಾನವೀಯತೆ, ಕರ್ತವ್ಯ, ಕಂಪ್ಯಾಶನ್ ಎಲ್ಲದರ ಮೇಲೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದೆ. ಮಧ್ಯೆ ಡಾಕ್ಟರ್ ಗಡಿಯಾರ ನೋಡಿ, "ಆಂಟಿ, ನಾಲ್ಕು ನಿಮಿಷ ಹೋಯಿತು. ಅಷ್ಟರಲ್ಲಿ ಒಂದು ಪೇಶಂಟ್ ನೋಡುತ್ತಿದ್ದೆ," ಎಂದು ಹಿಂದಿಯಲ್ಲಿ ಹೇಳಿ ನನ್ನ ಪಕ್ಕದಿಂದ ನುಸುಳಿದರು.

ಹೊರಗೆ ಗಂಗವ್ವ ಭಾಷಣ ಮಾಡಲಿಲ್ಲ. ಮೆಟ್ಟಿಲ ಮೇಲೆ ಕಾಲು ಚಾಚಿ ಬ್ಯಾಂಡೇಜು ಬಿಚ್ಚತೊಡಗಿದಳು. ಡಾಕ್ಟರ್ ದಾಟಿ ಹೋಗಲಾರದೆ ನಿಂತರು. ಆಮೇಲೆ ಅಲ್ಲೇ, ಗಟಾರದ ಪಕ್ಕ, ಕುಕ್ಕರಗಾಲಲ್ಲಿ ಕೂತು ನೋಡಿದರು. ಒತ್ತಿದರು. ಬಗ್ಗಿ ಮೂಸಿಯೂ ನೋಡಿದರು.

"ಸೂಖ್ ರಹಾ ಹೈ. ಗಾಯ ಒಣಗುತ್ತಿದೆ, ಬೆರಳು ಉಳಿಯಿತು." ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಡಾಕ್ಟರ ಕಣ್ಣು ಎಡಗಾಲಿಗೆ ಹೋಯಿತು. "ಔರ್ ಯೇ? ಬರಿಗಾಲಲ್ಲಿ ನಡೆದರೆ ಈ ಕಾಲೂ ಹೋಗುತ್ತದೆ ಅಂತ ಹೇಳಿದ್ದೆ ತಾನೆ? ಚಪ್ಪಲ್ ಕಹಾಂ ಹೈ?"

ಗಂಗವ್ವ ತಲೆಯೆತ್ತಿ ರ‍್ಯಾಕನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲಾ ತಿಳಿದಿತ್ತು.

"ಕಳಕೊಂಡೇನ್ರಿ," ಎಂದಳು.

ನಾನು ತಕ್ಷಣ ಬಗ್ಗಿ ನನ್ನ ಎಡಗಾಲಿನ ಮೆತ್ತನೆಯ ಸ್ಯಾಂಡಲ್ ಬಿಚ್ಚಿ ಅವಳ ಮುಂದಿಟ್ಟೆ. ನನ್ನ ಜೀವನದ ಅತ್ಯಂತ ಉದಾತ್ತ ಕ್ಷಣ. ಅವಳ ಹೆಬ್ಬೆರಳು ಮಾತ್ರ ಒಳಗೆ ಹೋಯಿತು.

ನನ್ನನ್ನು ಊಟಕ್ಕೆ ಕರೆಯಲು ನಮ್ಮವರು ಆಗಲೇ ಬಂದು ನಿಂತಿದ್ದರು. ಏನೂ ಕೇಳದೆ ತಮ್ಮ ಎಡಗಾಲಿನ ಹೊಸ ರಬ್ಬರ್ ಚಪ್ಪಲಿ ಬಿಟ್ಟುಕೊಟ್ಟರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಮನೆಯ ತನಕ ಒಂದೇ ಚಪ್ಪಲಿಯಲ್ಲಿ ಕುಪ್ಪಳಿಸುತ್ತಾ ಒಂದೇ ಮಾತು ಹೇಳಿದರು: "ಲೆಟರ್ ಬಾಕ್ಸ್ ವಾಸಿ ಇತ್ತು."

ಮುಂದಿನ ತಿಂಗಳು ಹೋದಾಗ ರ‍್ಯಾಕು ಮಾಯವಾಗಿತ್ತು. ಸಾಲು ಮತ್ತೆ ಹಾವಿನ ಹಾಗೆ ಗಟಾರದ ತನಕ. ಒಂದನೇ ನಂಬರಿನಲ್ಲಿ ನಮ್ಮವರ ಎಡಗಾಲು ಚಪ್ಪಲಿ. ಗೋಡೆಯ ಮೇಲೆ ಹೊಸ ಬೋರ್ಡು: ಡು ನಾಟ್ ಟಚ್ ದಿ ಚಪ್ಪಲ್ಸ್.

"ಕನ್ನಡ, ಮರಾಠಿ, ಹಿಂದಿ ಏನೂ ಇಲ್ಲಲ್ಲರಿ," ಎಂದು ಕುಲಕರ್ಣಿಯವರಿಗೆ ತಿಳಿಹೇಳಿದೆ. "ಪಾಪ, ಜನ ಹೆಂಗ ಓದಬೇಕು?"

"ಓದಬೇಕಾದವ್ರು ಓದ್ತಾರ್ರಿ ಮೇಡಂ."

ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು. ಡಾಕ್ಟರನ್ನೂ ಕುಲಕರ್ಣಿಯವರನ್ನೂ ಬಿಟ್ಟರೆ ಆ ಗಲ್ಲಿಯಲ್ಲಿ ಇಂಗ್ಲಿಷ್ ಬೋರ್ಡು ಓದುವವಳು ನಾನೊಬ್ಬಳೇ.