ಭುವನಾಳ ಕೈಗೆ ಸಿಗದ ಕೂಸಿಗೆ

ಮಾನ್ಯರೇ,

ನನ್ನ ಹಿರಿಯ ಮೊಮ್ಮಗಳು ಮೇಘಾಳ ಹೊಟ್ಟೆಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ತಮಗೆ, ಹಾವೇರಿಯ ಮುತ್ತಜ್ಜ ಕೊಟ್ರಪ್ಪನು ಹೊರಗಿನಿಂದಲೇ ಕದ ತಟ್ಟಿ ಸಲ್ಲಿಸುವ ಸಾಷ್ಟಾಂಗ ನಮಸ್ಕಾರಗಳು. ತಾವು ತಲೆ ಕೆಳಗಾಗಿ ಕ್ಷೇಮವಾಗಿದ್ದೀರೆಂದು ಡಾಕ್ಟರರು ತಿಳಿಸಿದ್ದಾರೆ. ನಾವು ತಲೆ ಮೇಲಾಗಿಯೂ ಕ್ಷೇಮವಾಗಿಲ್ಲ.

ಕಾರಣ, ತಮ್ಮ ಚಿಗವ್ವ ಭುವನಾ. ನರ್ಸಿಂಗ್ ಕಲಿಯುತ್ತಿರುವ ಅವಳು ನೋಂದಾಯಿತ ಸೂಲಗಿತ್ತಿಯಾಗಲು ಇನ್ನೊಂದೇ ಒಂದು ಹೆರಿಗೆಯನ್ನು ಕೈಯಾರೆ ಮಾಡಿಸಬೇಕು. ಕೂಸಿಲ್ಲದೆ ಕೇಸಿಲ್ಲ, ಕೇಸಿಲ್ಲದೆ ಪಾಸಿಲ್ಲ. ಆದರೆ ತಮ್ಮ ಕುಲಬಾಂಧವರ ಚುರುಕುತನವನ್ನು ಎಷ್ಟೆಂದು ಹೊಗಳಲಿ! ಐರಣಿಯ ಕೂಸು ಆಸ್ಪತ್ರೆಯ ಗೇಟಿನವರೆಗೂ ತಾಳದೆ ಟೆಂಪೋದಲ್ಲೇ ಇಳಿಯಿತು. ಗುತ್ತಲದ್ದು ಇವಳು ಚಹಾಕ್ಕೆ ಎದ್ದುಹೋಗುವುದನ್ನೇ ಕಾದಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕುಲ್ಸುಮಬಿ, ಸೀರೆಗಂಟಿದ ಘಾಟಿಗೆ ಹೆರಿಗೆ ಕೋಣೆಯಲ್ಲೇ ಒಮ್ಮೆ ಸೀನಿದ್ದೇ ತಡ, ಭುವನಾ ಇನ್ನೂ ಗ್ಲೌಸಿಗೆ ಬೆರಳು ತೂರಿಸುತ್ತಿರುವಾಗಲೇ ಕೂಸು ಹಾಜರು! “ತಾನ ಬಂದದ್ದು ಲೆಕ್ಕಕ್ಕ ಬರೂದಿಲ್ಲವಾ ತಂಗಿ,” ಎಂದರು ಕಲಿಸುವ ಶೈಲಾ ಸಿಸ್ಟರು.

ಇತ್ತ ಮನೆಯಲ್ಲಿ ನನ್ನ ಅರ್ಧಾಂಗಿ ಮೈಲವ್ವನವರ ಪ್ರವಚನ: “ತನಗ ಇನ್ನೂ ಲಗ್ನ ಆಗಿಲ್ಲ, ಮಂದೀಗೆ ಏನ್ ಹಡಸ್ತಾಳ? ಈ ಸಲ ಪಾಸಾಗ್ಲಿಲ್ಲಂದ್ರ ಸಾಲಿ ಬಿಡಿಸಿ ಅಕ್ಕಿಕಾಳು ಹಾಕೂದ!” ವರನೂ ತಯಾರು: ರಾಣೆಬೆನ್ನೂರಿನ ಬೀಜದಂಗಡಿಯವನು.

ಆದ್ದರಿಂದ ತಾವು ದಯಮಾಡಿ ಭುವನಾಳ ಡ್ಯೂಟಿಯಲ್ಲೇ, ಅವಳ ಚಹಾ ಮುಗಿದು, ಗ್ಲೌಸು ಏರಿ, ಶೈಲಾ ಸಿಸ್ಟರ ಕಣ್ಣು ಇತ್ತ ತಿರುಗಿದ ಮೇಲೆ, ನೆಂಟರ ಮನೆಗೆ ಬರುವವರಂತೆ ಸಾವಕಾಶವಾಗಿ ಆಗಮಿಸಬೇಕು. ಹೊರಡುವ ಮುನ್ನ ಒಂದು ಮಿಸ್ಡ್ ಕಾಲ್ ಕೊಟ್ಟರೆ ಉಪಕಾರ. ಮೇಘಾ ಸೀನಬಾರದೆಂದು ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದ್ದೇನೆ. ಸಪ್ಪನ್ನ ಸಾರು ಸುರಿಯುತ್ತಿರುವ ಈ ಮುದುಕನ ಮೇಲಾದರೂ ಕರುಣೆ ಇರಲಿ.

ಕೈಗೆ ಸಿಗುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಕೊಟ್ರಪ್ಪ
ಹಾವೇರಿ, 2006

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ತಾವು ಬಂದಿರಿ, ಹಾಡಹಗಲೇ, ಭುವನಾಳ ಕೈಗೇ. ತಮ್ಮ ಕೊರಳಿಗೆ ಸುತ್ತಿದ್ದ ಹೊಕ್ಕುಳಬಳ್ಳಿಯನ್ನು ಅವಳು ಗಾಬರಿಯಾಗದೆ ಬಿಡಿಸಿದಳಂತೆ. ಶೈಲಾ ಸಿಸ್ಟರು ಪಾಸು ಮಾಡಿದರು, ಬೀಜದಂಗಡಿಗೆ ಬೀಗ ಬಿತ್ತು. ಆದರೆ ಮೈಲವ್ವ ಓಣಿಗೆಲ್ಲ ಸಕ್ಕರೆ ಹಂಚುತ್ತ, “ಆಕಿ ಏನೂ ಮಾಡ್ಲಿಲ್ಲ ಬಿಡ್ರೆವಾ, ಕೂಸು ತಾನ ಬಂತು,” ಎನ್ನುತ್ತಿದ್ದಾಳೆ. “ಹಂಗ ಅನಿಸಿದ್ರನ ಅದು ಚಲೋ ಹೆರಿಗಿ, ಅಜ್ಜಾ,” ಎಂದು ಭುವನಾ ನಕ್ಕು ಸುಮ್ಮನಾದಳು. ನಾನು ಸುಮ್ಮನಾಗಲಾರೆ. ತಾವು ಪ್ರತ್ಯಕ್ಷ ಸಾಕ್ಷಿ. ಬಾಯಿಗೆ ಮಾತು ಬರುವ ತನಕ, ಮೈಲವ್ವ ತೊಡೆಯ ಮೇಲೆ ಮಲಗಿಸಿಕೊಂಡಾಗಲೆಲ್ಲ ತಮ್ಮ ಹೇಳಿಕೆಯನ್ನು ಬೆಚ್ಚಗೆ ದಾಖಲಿಸುತ್ತಿರಬೇಕಾಗಿ ವಿನಂತಿ.