ಚಕ್ರವರ್ತಿಯೋ, ಲಿಫ್ಟೋ?

ಮೇಲಿನ ಮನೆಯ ದಂಪತಿಗಳು ನಾಟಕದವರೆಂದು ನಾನು ಬರೋಬ್ಬರಿ ಮೂರು ತಿಂಗಳು ನಂಬಿದ್ದೆ. ಆ ಕಟ್ಟಡಕ್ಕೆ ಬಾಡಿಗೆಗೆ ಬಂದ ಹೊಸತು. ದಿನಾ ಬೆಳಗ್ಗೆ ಏಳೂವರೆಗೆ ಸರಿಯಾಗಿ ನನ್ನ ತಲೆಯ ಮೇಲಿನಿಂದ ಗಂಡುದನಿಯೊಂದು "ಅನ್ಯಾಯ! ಇದು ಘೋರ ಅನ್ಯಾಯ!" ಎಂದು ಗುಡುಗುತ್ತಿತ್ತು. ಹೆಣ್ಣುದನಿಯೊಂದು ಅದಕ್ಕೆ ಚುಟುಕಾಗಿ, ಆದರೆ ನಾಟುವ ಹಾಗೆ, ಏನೋ ಹೇಳುತ್ತಿತ್ತು. ನಡುನಡುವೆ ಪಾತ್ರೆ ಬಿದ್ದ ಸದ್ದು (ಹಿನ್ನೆಲೆ ವಾದ್ಯ ಎಂದುಕೊಂಡೆ). ಒಂದು ದಿನವೂ ಅಭ್ಯಾಸ ತಪ್ಪಿಸುವುದಿಲ್ಲವಲ್ಲ, ಎಂಥ ಶ್ರದ್ಧೆ ಎಂದು ಮೆಚ್ಚಿ, ಮೆಟ್ಟಿಲಲ್ಲಿ ಸಿಕ್ಕ ಗಂಡಸಿಗೆ ಕೈಮುಗಿದು, "ಪ್ರಯೋಗ ಯಾವತ್ತು ಸಾರ್?" ಎಂದು ಕೇಳಿಯೇಬಿಟ್ಟೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು. ಅಳೆಯುವುದೇ ಅವರ ಉದ್ಯೋಗವೆಂದು ಆಮೇಲೆ ತಿಳಿಯಿತು. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಬೀದಿಯವರ ಬಾಯಲ್ಲಿ ತೂಕದ ಸಾಹೇಬರು. ಅವರ ಹೆಂಡತಿ ಮೂಲೆಯ ಅಂಗಡಿಯಲ್ಲಿ ಬಟ್ಟೆಗಳನ್ನು ಬಿಗಿ, ಸಡಿಲ ಮಾಡಿಕೊಡುವ ಟೈಲರಮ್ಮ. ಅಲ್ಲಿ ನಡೆಯುತ್ತಿದ್ದದ್ದು ನಾಟಕವಲ್ಲ, ಸಂಸಾರ.

ಆದರೆ ಆ ಮನೆಯ ಅತಿ ದೊಡ್ಡ ಜಗಳ ಹುಟ್ಟಿದ್ದು ಮಾತ್ರ ನಾಟಕದಿಂದಲೇ. ಅದರ ಅರ್ಧ ನನಗೆ ಸೂರಿನ ಮೂಲಕ ಕೇಳಿಸಿತು. ಉಳಿದರ್ಧವನ್ನು ಸಾಹೇಬರ ತಾಯಿ ಮೆಟ್ಟಿಲ ಮೇಲೆ ಕೂತು ಸವಿಸ್ತಾರವಾಗಿ ವರದಿ ಮಾಡಿದರು.

ಶಾಲೆಗಳ ಯೂನಿಫಾರ್ಮಿನ ಸುಗ್ಗಿ ಮುಗಿದ ಮೇಲಿನ ಮೊದಲ ಭಾನುವಾರ ಟೈಲರಮ್ಮನಿಗೆ ವರ್ಷದ ಒಂದೇ ಒಂದು ಪೂರ್ತಿ ರಜೆ. ಆ ದಿನ ಗಂಡಹೆಂಡತಿ ಒಂದು ಸಂಗೀತ ನಾಟಕ ನೋಡುವುದು ಇಪ್ಪತ್ತೊಂದು ವರ್ಷದಿಂದ ನಡೆದುಬಂದ ಪದ್ಧತಿ. ಯಾವ ನಾಟಕ ಎಂದು ತೀರ್ಮಾನಿಸುವುದು ಸಾಹೇಬರು. ತೀರ್ಮಾನಿಸಿ, ಟಿಕೆಟ್ ತೆಗೆಸಿ, ಒಳ್ಳೆಯ ಸೀಟಿನಲ್ಲಿ ಕೂತು, ದೀಪ ಆರಿದ ಹತ್ತೇ ನಿಮಿಷಕ್ಕೆ ನಿದ್ದೆ ಹೋಗುವುದೂ ಅವರೇ. (ಇದನ್ನು ಅವರು ಎಂದೂ ಒಪ್ಪಿದವರಲ್ಲ. "ಸಂಗೀತವನ್ನ ಕಣ್ಣುಮುಚ್ಚಿ ಕೇಳಬೇಕು" ಎನ್ನುತ್ತಿದ್ದರು.) ಮನೆಗೆ ಮರಳುವ ಬಸ್ಸಿನಲ್ಲಿ ಟೈಲರಮ್ಮ ತಮ್ಮ ಪಾಡಿಗೆ ತಾವು, ಆ ದೃಶ್ಯ ಹಾಗಿತ್ತು, ಈ ಹಾಡು ಹೀಗಿತ್ತು ಎಂದು ಮುಕ್ಕಾಲು ಗಂಟೆ ಮೆಲುಕು ಹಾಕುತ್ತಿದ್ದರು. ಸಾಹೇಬರು "ಹೌದು, ಅದೇ ಅದೇ" ಎಂದು ತಲೆದೂಗಿ ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡು, ಸೋಮವಾರ ಆಫೀಸಿನಲ್ಲಿ ಸುರಿಯುತ್ತಿದ್ದರು. ಕೇಳಿದವರು ಬೆರಗಾಗುತ್ತಿದ್ದರು. ಹೀಗೆ ಇಪ್ಪತ್ತೊಂದು ನಿದ್ದೆಗಳಿಂದ ಅವರು ಇಲಾಖೆಯ ಏಕಮಾತ್ರ ಕಲಾರಸಿಕರೆಂದು ಹೆಸರಾಗಿದ್ದರು.

ಈ ವರ್ಷ ಆ ಹೆಸರಿಗೆ ಕುತ್ತು ಬಂತು. ವರ್ಗವಾಗಿ ಬಂದ ಹೊಸ ಮೇಲಧಿಕಾರಿಗೆ ಸಂಗೀತದ ಹುಚ್ಚು. ದೊಡ್ಡ ರಂಗಮಂದಿರದಲ್ಲಿ ನಡೆಯುತ್ತಿದ್ದ "ಸಾಮ್ರಾಟನ ಕಡೆಯ ಹಗಲು" ನೋಡಿಬಂದು ಕಣ್ಣೀರು ಒರೆಸಿಕೊಳ್ಳುತ್ತ, "ನೀವೂ ನೋಡಿ. ಸೋಮವಾರದ ಸಭೆಯಲ್ಲಿ ಹತ್ತು ನಿಮಿಷ ಅದರ ಬಗ್ಗೆ ಮಾತಾಡಿ. ನೀವೇ ಸರಿ" ಎಂದರು. ಸಾಹೇಬರು ಎದೆಯುಬ್ಬಿಸಿ ಒಪ್ಪಿಕೊಂಡು ಬಂದರು. ಈಗ ಅವರಿಗೆ ಬೇಕಾದದ್ದು ಎರಡೇ: ಆ ನಾಟಕ, ಅದರ ಮುಂದೆ ಕೂತ ಟೈಲರಮ್ಮ.

"ಈ ಸಲ ಲಿಫ್ಟ್ ಕೆಟ್ಟಿದೆ," ಎಂದರು ಟೈಲರಮ್ಮ ಅವತ್ತು ಸಂಜೆ.

"ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲವಲ್ಲ!"

"ನಾಟಕದ ಹೆಸರು ರೀ. ಬಸ್ ಡಿಪೋ ಹಿಂದಿನ ಸಣ್ಣ ಹಾಲ್‌ನಲ್ಲಿ. ಏಳು ಜನ ಲಿಫ್ಟ್‌ನಲ್ಲಿ ಸಿಕ್ಕಿಹಾಕ್ಕೋತಾರೆ. ಒಂದೂವರೆ ಗಂಟೆ ಹಾಡ್ತಾರೆ. ಆಮೇಲೆ ಬಾಗಿಲು ತೆರೆಯುತ್ತೆ. ಅಷ್ಟೇ. ನೋಡಿದವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿದಾರಂತೆ."

ಸಾಹೇಬರ ಕಿವಿ ಕೆಂಪಾಯಿತು. "ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರು ಹಾಡ್ತಾರಾ? ಮೆಕ್ಯಾನಿಕ್‌ನ ಕರೀತಾರೆ! ಇಲ್ಲಿ ನೋಡು, ಅರವತ್ತು ಜನರ ಮೇಳ, ಕುಸಿದುಬೀಳೋ ಕೋಟೆ, ಮೂರು ಮುಕ್ಕಾಲು ಗಂಟೆ—"

"ಆ ಚಕ್ರವರ್ತಿ ವಿಷಯ ಎತ್ತಬೇಡಿ. ಅವನ ಹೆಸರು ಕೇಳಿದ್ರೇ ನನಗೆ ಮೈ ಉರಿಯುತ್ತೆ."

ಯಾಕೆ ಉರಿಯುತ್ತದೆ ಎಂದು ಸಾಹೇಬರು ಕೇಳಬಹುದಿತ್ತು. ಕೇಳಲಿಲ್ಲ. ಹೆಂಡತಿಗೆ ಅಭಿರುಚಿ ಇಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡು, ರೇಗಿ, ಬಾಗಿಲನ್ನು ದಢಾರನೆ ಹಾಕಿಕೊಂಡು ಸ್ನಾನಕ್ಕೆ ಹೋದರು. (ಅದು ಸ್ನಾನದ ಹೊತ್ತೇನಲ್ಲ. ಒಳಗೆ ಹೋದ ಮೇಲೆ ನೆನಪಾಗಿ, ಮರ್ಯಾದೆ ಉಳಿಸಿಕೊಳ್ಳಲು ನೀರು ಸುರಿದುಕೊಂಡರಂತೆ.)

ಮುಂದಿನ ಎಂಟು ದಿನ ನನ್ನ ಸೂರು ನಡುಗಿತು. ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಜಗಳವಾಡಬಲ್ಲವರು. ಪಿನ್ನು ಇರುವವರೆಗೆ ಒಂದೊಂದೇ ಪದ; ಪಿನ್ನು ತೆಗೆದು ಮೇಜಿನ ಮೇಲಿಟ್ಟರೆಂದರೆ ಎದುರಿನವರು ಜಾಗ ಖಾಲಿ ಮಾಡುವುದು ಕ್ಷೇಮ. ಸಾಹೇಬರು ಕಾನೂನು ಹಿಡಿದರು. ಕಥೆ, ಸಂಗೀತ, ವೇಷಭೂಷಣ, ಘನತೆ ಎಂದು ನಾಲ್ಕು ಕಲಮುಗಳ ಒಂದು ಅಂಕಪಟ್ಟಿ ತಯಾರಿಸಿ, ಎರಡು ನಾಟಕಗಳಿಗೂ (ಒಂದನ್ನೂ ನೋಡದೆ) ಅಂಕ ಕೊಟ್ಟು, ಫ್ರಿಜ್ಜಿಗೆ ಅಂಟಿಸಿದರು. ಟೈಲರಮ್ಮ ಅದನ್ನು ಓದಿ, ಪಿನ್ನು ತೆಗೆದರು.

"ಘನತೆಗೆ ನಲವತ್ತು, ನಗುವಿಗೆ ಕಲಮೇ ಇಲ್ವಾ? ತಕ್ಕಡಿಗೆ ಬೆರಳು ಒತ್ತಿದ ಅಂತ ಮೊನ್ನೆ ತರಕಾರಿಯವನ ಮೇಲೆ ಕೇಸ್ ಹಾಕಿದ್ರಲ್ಲ, ಇದೇನಿದು? ಇದಕ್ಕೆ ಇಡೀ ಕೈನೇ ಒತ್ತಿದೀರಿ!"

"ನನ್ನ ತಕ್ಕಡೀನ ಅಂದೆಯಾ? ನನ್ನ ತಕ್ಕಡಿಯನ್ನ?"

"ಅಂದೆ. ಅಷ್ಟು ನ್ಯಾಯವಂತರಾದ್ರೆ ಎರಡನ್ನೂ ಅದರಲ್ಲೇ ಇಟ್ಟು ತೂಗಿ, ನೋಡೋಣ."

ಆಕೆ ಹೇಳಿದ್ದು ಸಿಟ್ಟಿನಲ್ಲಿ, ಬಾಯಿಮಾತಿಗೆ. ಸಾಹೇಬರು ಸಿಟ್ಟಿನಲ್ಲಿ ಅದನ್ನು ಮಾಡಿಯೇಬಿಟ್ಟರು. ಪೆಟ್ಟಿಗೆಯಿಂದ ಇಲಾಖೆಯ ಪರೀಕ್ಷಾ ತಕ್ಕಡಿ ಹೊರಬಂತು. ಊಟದ ಮೇಜಿನ ಕಾಲಡಿ ಕಾಗದ ಮಡಚಿಟ್ಟು ಮಟ್ಟ ನೋಡಿದರು. ಗಾಳಿ ತಾಗದಂತೆ ಫ್ಯಾನು ಆರಿಸಿದರು. ತಾಯಿಯನ್ನು ಸಾಕ್ಷಿಯಾಗಿ ಕೂರಿಸಿದರು. ಒಂದು ತಟ್ಟೆಯಲ್ಲಿ "ಸಾಮ್ರಾಟನ ಕಡೆಯ ಹಗಲು" ನಾಟಕದ ಪರಿಚಯ ಪುಸ್ತಿಕೆ. ಇನ್ನೊಂದರಲ್ಲಿ "ಲಿಫ್ಟ್ ಕೆಟ್ಟಿದೆ" ಕರಪತ್ರ. ಸಾಮ್ರಾಟ ನೂರಾ ಎಂಬತ್ತಾರು ಗ್ರಾಂ. ಲಿಫ್ಟು ಮೂರು.

"ಮುಗೀತು!" ಸಾಹೇಬರು ಮೇಜು ಗುದ್ದಿದರು. "ನೂರಾ ಎಂಬತ್ತಾರು! ಗೆದ್ದೆ!"

"ಗೆದ್ದೋಳು ನಾನು," ಎಂದರು ಟೈಲರಮ್ಮ. "ಮೂರೇ ಗ್ರಾಂ. ವರ್ಷವೆಲ್ಲ ದುಡಿದು ಸುಸ್ತಾದವಳಿಗೆ ಹಗುರವಾದದ್ದೇ ಬೇಕು."

"ಭಾರ ಇದ್ದದ್ದು ಗೆಲ್ಲೋದು ಅನ್ನೋದು ಲೋಕಕ್ಕೇ ಗೊತ್ತು!"

"ಯಾವ ಲೋಕ? ತೂಗೋ ಮುಂಚೆ ಹೇಳಿದ್ರಾ? ಬರೆದಿದ್ರಾ? ಷರತ್ತು ತಿಳಿಸದೆ ತೂಕ ಮಾಡಿದ ಅಂತ ಎಷ್ಟು ಜನಕ್ಕೆ ದಂಡ ಹಾಕಿದೀರಿ?"

ಸಾಹೇಬರು ಸಾಕ್ಷಿಯ ಕಡೆ ತಿರುಗಿದರು. ಸಾಕ್ಷಿ, "ಫ್ಯಾನು ಹಾಕೋ, ಸೆಕೆ," ಎಂದಿತು.

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಮೊದಲ ಬಾರಿಗೆ ಒಂದು ತೂಕ ಅವರ ಕೈಯಲ್ಲೇ ಕೆಟ್ಟುಹೋಗಿತ್ತು. ಅವಮಾನಕ್ಕೆ ಕಣ್ಣು ಕತ್ತಲಿಟ್ಟಿತು. "ಹಾಗಾದ್ರೆ ನೀನು ನಿನ್ನ ಲಿಫ್ಟಿಗೆ ಹೋಗು! ನಾನು ನನ್ನ ಸಾಮ್ರಾಟನ ಹತ್ತಿರ ಹೋಗ್ತೀನಿ!" ಎಂದು ಕಿರುಚಿದರು.

"ಸರಿ," ಎಂದರು ಟೈಲರಮ್ಮ, ಮತ್ತೆ ಪಿನ್ನು ಕಚ್ಚಿಕೊಂಡು.

ಆಕೆ ಇಷ್ಟು ಬೇಗ ಒಪ್ಪುತ್ತಾರೆಂದು ಸಾಹೇಬರು ಎಣಿಸಿರಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಸೋಮವಾರದ ಭಾಷಣದ ಗುಟ್ಟು ಹೇಳಬೇಕು. ಅದನ್ನು ಹೇಳಬೇಕಾದರೆ ನಿದ್ದೆಯನ್ನು ಒಪ್ಪಬೇಕು. ನಾನೇನು ನೋಡಲಾರೆನೇ, ನನಗೇನು ಕಣ್ಣಿಲ್ಲವೇ ಎಂದು ಹಲ್ಲು ಕಡಿದರು.

ಭಾನುವಾರ ಮೂರು ಗಂಟೆಗೆ, ಹೊಸ ಅಂಗಿ, ಜೇಬಿನಲ್ಲಿ ಪೆನ್ನು, ಟಿಪ್ಪಣಿ ಪುಸ್ತಕ ಸಹಿತ ಅವರು ಮೂರನೇ ಸಾಲಿನಲ್ಲಿ ಆಸೀನರಾದರು. ಒಂದು ಮಾತು ಒಪ್ಪಬೇಕು: ಸಿಟ್ಟು ಅವರನ್ನು ಪೂರ್ತಿ ಇಪ್ಪತ್ತು ನಿಮಿಷ ಎಚ್ಚರವಾಗಿಟ್ಟಿತು. ಇದು ಅವರ ಮಟ್ಟಿಗೆ ದಾಖಲೆ. ತುತ್ತೂರಿ ಊದಿತು, ಮೇಳ ಬಂತು, ಚಕ್ರವರ್ತಿ ಬಂದ. ಸಾಹೇಬರು ಒಳಗೊಳಗೇ ಹೆಂಡತಿಗೆ ಉತ್ತರಗಳನ್ನು ಜೋಡಿಸುತ್ತ ಕುದಿಯುತ್ತಿದ್ದರು. ಟಿಪ್ಪಣಿ ಪುಸ್ತಕದಲ್ಲಿ "ಚಕ್ರವರ್ತಿ: ದಪ್ಪ" ಎಂದು ಬರೆದುಕೊಂಡರು. ಆದರೆ ರಂಗಮಂದಿರದೊಳಗೆ ತಣ್ಣನೆಯ ಗಾಳಿ. ಕುದಿ ನಿಧಾನವಾಗಿ ಆರಿತು. ಆರಿದ ಮೇಲೆ ಉಳಿದದ್ದು ಮೆತ್ತನೆಯ ಸೀಟು.

ಯಾರೋ ಭುಜ ತಿವಿದರು. "ಸ್ವಾಮಿ, ಚಕ್ರವರ್ತಿ ಪಿಸುದನಿಯಲ್ಲಿ ಹಾಡ್ತಿದಾನೆ. ದಯವಿಟ್ಟು ನೀವು ಜೊತೆಗೆ ಹಾಡಬೇಡಿ."

"ಕಣ್ಣುಮುಚ್ಚಿ ಕೇಳ್ತಿದೀನಿ ರೀ!" ಎಂದು ಸಾಹೇಬರು ಸಿಡುಕಿದರು.

"ಬಾಯಿನೂ ಮುಚ್ಚಿ ಕೇಳಿ."

ಆ ಸಿಟ್ಟಿನ ಬಲದಿಂದ ಇನ್ನೂ ನಾಲ್ಕು ನಿಮಿಷ ತಳ್ಳಿದರು. ಮತ್ತೆ ಕಣ್ಣು ಬಿಟ್ಟಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಪಕ್ಕದವರು ಬಿಕ್ಕುತ್ತಿದ್ದರು. ಸಾಹೇಬರೂ ಎದ್ದು ಕಣ್ಣೊರೆಸಿಕೊಂಡರು. ನಿದ್ದೆಯ ಕಣ್ಣು, ಒರೆಸಲು ಬೇಕಾದಷ್ಟಿತ್ತು.

ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ಹಿಡಿದರು. "ಹೆಂಗಿತ್ತೋ? ಚಕ್ರವರ್ತಿ ಸತ್ತನಾ, ಉಳಿದನಾ?"

ಸಾಹೇಬರು ಚಪ್ಪಲಿ ಬಿಡುವುದನ್ನು ಎಷ್ಟು ಸಾಧ್ಯವೋ ಅಷ್ಟು ಎಳೆದರು. "ಅದನ್ನ... ಪ್ರೇಕ್ಷಕರ ವಿವೇಚನೆಗೆ ಬಿಟ್ಟಿದಾರಮ್ಮ."

"ಇಷ್ಟು ಹೊತ್ತು ಕೂರಿಸಿ ಅದನ್ನೂ ಹೇಳಲಿಲ್ವಾ? ದರಿದ್ರದವರು!"

ಟೈಲರಮ್ಮ ಆಗಲೇ ಬಂದು, ಕಾಲು ಚಾಚಿ ಕುರ್ಚಿಯಲ್ಲಿ ಕೂತು, ಯಾವುದೋ ಲಿಫ್ಟಿನ ಹಾಡನ್ನು ಗುನುಗುತ್ತಿದ್ದರು. ನಕ್ಕು ನಕ್ಕು ಮುಖವೇ ಬೇರೆಯಾಗಿತ್ತು. ಅದನ್ನು ಕಂಡು ಸಾಹೇಬರಿಗೆ ಮತ್ತೆ ರೇಗಿತು. ಆದರೆ ರೇಗಲು ಪುರುಸೊತ್ತಿರಲಿಲ್ಲ. ಬೆಳಗ್ಗೆ ಹತ್ತೂವರೆಗೆ ಸಭೆ. ಕೈಯಲ್ಲಿರುವುದು "ಚಕ್ರವರ್ತಿ: ದಪ್ಪ". ಎರಡು ಸಲ ಅಡುಗೆಮನೆಗೆ ಹೋಗಿ ಬಂದರು, ಒಂದು ಸಲ ಕೆಮ್ಮಿದರು. ಕೊನೆಗೆ ತಡೆಯಲಾರದೆ ಇಪ್ಪತ್ತೊಂದು ವರ್ಷದ ಸತ್ಯವನ್ನು ಒಂದೇ ಉಸಿರಿನಲ್ಲಿ ಒಪ್ಪಿಕೊಂಡುಬಿಟ್ಟರು: ನಿದ್ದೆ, ಬಸ್ಸು, ಆಫೀಸು, ಮೇಲಧಿಕಾರಿ, ನಾಳೆಯ ಹತ್ತು ನಿಮಿಷ.

ಟೈಲರಮ್ಮನ ಗುನುಗು ನಿಂತಿತು.

"ನಿದ್ದೆ ಮಾಡ್ತೀರಿ ಅಂತ ಗೊತ್ತಿತ್ತು. ನಾನು ಹೇಳಿದ್ದನ್ನ ಹೋಗಿ ನಿಮ್ಮದು ಅಂತ ಹೇಳ್ಕೊಂಡು ತಿರುಗ್ತೀರಿ ಅಂತ ಗೊತ್ತಿರಲಿಲ್ಲ!" ಆಕೆ ಎದ್ದು ನಿಂತರು. "ಅದಕ್ಕೇನಾ ಎಂಟು ದಿನ ನನ್ನ ಪ್ರಾಣ ತಿಂದದ್ದು? ಆ ಚಕ್ರವರ್ತಿ ಹೆಸರೆತ್ತಿದ್ರೆ ಮೈ ಉರಿಯುತ್ತೆ ಅಂದೆ. ಯಾಕೆ ಅಂತ ಒಂದು ಮಾತು ಕೇಳಿದ್ರಾ? ಏಳು ವಾರ ಆ ಚಕ್ರವರ್ತಿ ನನ್ನ ಅಂಗಡೀಲಿದ್ದ! ವಾರಕ್ಕೊಂದು ಇಂಚು ದಪ್ಪ ಆಗ್ತಾನೆ ಅವನು. ಆ ನಿಲುವಂಗೀನ ಏಳು ಸಲ ಬಿಚ್ಚಿ ಹೊಲಿದಿದೀನಿ. ಪ್ರತಿ ಸಲವೂ ಸ್ಟೂಲ್ ಮೇಲೆ ನಿಂತು ಇಡೀ ನಾಟಕ ಹಾಡಿ ತೋರಿಸ್ತಾನೆ. ವರ್ಷಕ್ಕೊಂದು ರಜೆ, ಅದರಲ್ಲೂ ಹೋಗಿ ನನ್ನ ಹೊಲಿಗೇನೇ ನೋಡ್ತಾ ಕೂರಬೇಕಿತ್ತಾ? ನಿಮ್ಮನ್ನ ಭಾನುವಾರ ನಾಲ್ಕು ಗಂಟೆ ಹೊತ್ತು ತೂಕದ ಬಟ್ಟುಗಳ ಮುಂದೆ ಕೂರಿಸಿದ್ರೆ ಹೇಗಿರುತ್ತೆ?"

(ಚೆನ್ನಾಗಿಯೇ ಇರುತ್ತದೆ ಎಂದು ಸಾಹೇಬರಿಗೆ ಅನಿಸಿತು.)

ಸಾಹೇಬರಿಗೆ ಇದೇಕೆ ಗೊತ್ತಿರಲಿಲ್ಲ ಎನ್ನುವಿರಿ. ಹಿಂದೊಮ್ಮೆ ಅವರು ಹೆಂಡತಿಯ ಅಂಗಡಿಯ ಟೇಪು ಜಗ್ಗಿ ಜಗ್ಗಿ ಅರ್ಧ ಸೆಂಟಿಮೀಟರು ಉದ್ದವಾಗಿದೆ ಎಂದು ಅಧಿಕೃತ ನೋಟಿಸು ಕೊಟ್ಟಿದ್ದರು. ಅಂದಿನಿಂದ ಆ ಅಂಗಡಿಯ ಹೊಸ್ತಿಲು ತುಳಿಯಕೂಡದೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು.

"ಹಾಗಾದ್ರೆ ಪೂರ್ತಿ ಕಥೆ ನಿನಗೆ ಗೊತ್ತು!" ಸಾಹೇಬರ ದನಿಯಲ್ಲಿ ಜೀವ ಬಂತು.

"ಹಾಡುಗಳ ಸಮೇತ."

"ಹೇಳೇ, ಪುಣ್ಯ ಬರುತ್ತೆ."

"ಹೇಳ್ತೀನಿ. ಈ ಸಲ ಷರತ್ತು ಮೊದಲೇ. ಇನ್ನು ಮುಂದೆ ನಾಟಕ ಆರಿಸೋದು ನಾನು. ಬರೆದು ಕೊಡಿ. ಮತ್ತೆ ನಾಳೆ ಸಭೇಲಿ, ಇದೆಲ್ಲ ನನ್ನ ಹೆಂಡತಿ ಹೇಳಿದ್ದು ಅಂತ ಮೊದಲೇ ಹೇಳಿ ಮಾತು ಶುರು ಮಾಡಬೇಕು."

ಸಾಹೇಬರು ತಕ್ಕಡಿಯನ್ನು ನೋಡಿದರು, ತಾಯಿಯನ್ನು ನೋಡಿದರು. ಎರಡೂ ಕಡೆಯಿಂದ ನೆರವು ಬರಲಿಲ್ಲ. ಬರೆದುಕೊಟ್ಟು ಸಹಿ ಹಾಕಿದರು. ಟೈಲರಮ್ಮ ಕಥೆ ಹೇಳಿದರು. ಸಾಹೇಬರು ಎಚ್ಚರವಾಗಿ ಕೂತು ಕೇಳಿದರು. (ಚಕ್ರವರ್ತಿ ಸತ್ತನಂತೆ. ತಾಯಿಗೆ ಸಮಾಧಾನವಾಯಿತು.)

ಎಲ್ಲ ಮುಗಿದ ಮೇಲೆ ಸಾಹೇಬರಿಗೆ ತಮ್ಮ ಮಹತ್ವ ಮೆಲ್ಲಗೆ ನೆನಪಾಯಿತು. ಅಂಗಿಯ ತೋಳು ಸರಿಮಾಡಿಕೊಂಡು, ಗಂಟಲು ಹದಗೊಳಿಸಿ, "ಅದೆಲ್ಲ ಇರಲಿ. ಇಷ್ಟು ವರ್ಷ ಆದ ಮೇಲೆ ಮೊದಲನೇ ಸಲ ಒಬ್ಬಳೇ ಕೂತು ನಾಟಕ ನೋಡಿದೆ. ಪಕ್ಕದಲ್ಲಿ ನಾನಿಲ್ಲ ಅಂತ ನಿನಗೆ ಒಂಥರಾ ಅನ್ನಿಸಲಿಲ್ವಾ?" ಎಂದು ಕೇಳಿದರು.

"ಇಲ್ಲ," ಎಂದರು ಟೈಲರಮ್ಮ. "ಪಕ್ಕದ ಸೀಟಲ್ಲಿ ನನ್ನ ಬ್ಯಾಗ್ ಇಟ್ಟಿದ್ದೆ. ಅದು ಗೊರಕೆ ಹೊಡೀಲಿಲ್ಲ."